ಉರಿ ಮತ್ತು ಕಾವು



ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಒಲೆಯ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ನೀವು ಕೇಳಬಹುದು. ಅಧಿಕಾರ ಅಂಥದೇನೂ ಇಲ್ಲ. ಕಳೆದೆರಡು ವರ್ಷಗಳಿಂದ ನಮ್ಮ ಅಡುಗೆಮನೆಯಲ್ಲಿ ನನಗೆ ಅಷ್ಟಿಷ್ಟು ಪ್ರವೇಶ ದೊರೆತಿದೆ. ಆ ಪ್ರವೇಶವನ್ನು ದುರುಪಯೋಗ ಮಾಡಿಕೊಂಡು ಒಂದು ಅನಾಹುತವನ್ನೂ ತಂದುಕೊಂಡೆ. 35 ವರ್ಷ ತರಗತಿಯಲ್ಲಿ ನಾನು ಹೆಚ್ಚುಕಡಮೆ ಒಂದೇ ಅರ್ಥದಲ್ಲಿ ಬಳಸುತ್ತಿದ್ದ ಎರಡು ಮಾತುಗಳು ಬೇರೆ ಬೇರೆಯೆಂಬುದು ಆ ಅನಾಹುತದಿಂದ ನನಗೆ ತಿಳಿಯಿತು. ಒಂದು ಉರಿ, ಇನ್ನೊಂದು ಕಾವು.

ನಾವಿರುವುದು ರವೀಂದ್ರನಾಥ ಟಾಗೋರ್ ನಗರದಲ್ಲಿ. ಅಷ್ಟು ದೊಡ್ಡ ಹೆಸರನ್ನು ಹೇಳುವ ಪುರುಸೊತ್ತು ಯಾರಿಗೂ ಇಲ್ಲವಾದ್ದರಿಂದ ಅದು ಆರ್.ಟಿ. ನಗರವಾಗಿದೆ. ಸಂಜೆ ಐದರ ಮೇಲೆ ನಮ್ಮ ಬೀದಿಯ ತಿರುವಿನಲ್ಲಿ ಒಂದು ತಳ್ಳುಗಾಡಿ ಬಂದು ನಿಲ್ಲುತ್ತದೆ. ಗೋಬಿ ಮಂಚೂರಿ, ಫ್ರೈಡ್ ರೈಸು, ನೂಡಲ್ಸು. ಈ ಮಂಚೂರಿಗೂ ಮಂಚೂರಿಯಾ ದೇಶಕ್ಕೂ ಯಾವ ನಂಟೂ ಇಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಪಾಕಶಾಸ್ತ್ರಜ್ಞರು 1970ರ ದಶಕದಲ್ಲಿ ಮುಂಬಯಿಯಲ್ಲಿ ಕೋಳಿಮಾಂಸದಿಂದ ಮಾಡಿದ್ದನ್ನು ಮುಂದೆ ಹೂಕೋಸಿಗೆ ಇಳಿಸಿಕೊಂಡರೆಂದು ಹೇಳುತ್ತಾರೆ. 2024ರ ಮಾರ್ಚಿಯಲ್ಲಿ ನಮ್ಮ ಸರ್ಕಾರ ಇದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅಂದಿನಿಂದ ನಮ್ಮ ಗಾಡಿಯ ಗೋಬಿ ಕೆಂಪು ಬಿಟ್ಟು ಕಂದಾಗಿದೆ. ಗಿರಾಕಿಗಳೇನೂ ಕಡಮೆಯಾಗಿಲ್ಲ.

ನನ್ನ ಮೊಮ್ಮಗ ಆ ಗಿರಾಕಿಗಳಲ್ಲಿ ಒಬ್ಬ. ಅವನ ಜೊತೆ ನಿಂತು ನಾನೂ ನೋಡುತ್ತಿದ್ದೆ. ಗಾಡಿಯ ಒಲೆ ಭೋರೆಂದು ಸದ್ದು ಮಾಡುತ್ತದೆ. ಅದರ ಮೇಲೆ ಕಪ್ಪಿಟ್ಟ ಕಬ್ಬಿಣದ ಬಾಣಲೆ. ಆ ಹುಡುಗ ಬಾಣಲೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದಾಗ ಅನ್ನವೆಲ್ಲ ಗಾಳಿಯಲ್ಲಿ ಒಮ್ಮೆ ಮಗುಚಿ ಬಾಣಲೆಗೇ ಬೀಳುತ್ತದೆ. ನಡುವೆ ಉರಿಯ ನಾಲಗೆ ಬಾಣಲೆಯ ಅಂಚನ್ನು ದಾಟಿ ಒಳಕ್ಕೂ ಬಂದು ಹೋಗುತ್ತದೆ. ಮೂರು ನಿಮಿಷದೊಳಗೆ ತಟ್ಟೆ ಕೈಗೆ. ಬಾಯಿಗಿಟ್ಟರೆ ಸಣ್ಣದೊಂದು ಹೊಗೆಯ ವಾಸನೆ, ಸುಟ್ಟೂ ಸುಡದ ಒಂದು ಸೊಗಸು. ಚೀನದ ಕ್ಯಾಂಟನ್ ಸೀಮೆಯವರು ಇದನ್ನು ‘ವೊಕ್ ಹೇ’ ಎನ್ನುತ್ತಾರಂತೆ. ಬಾಣಲೆಯ ಉಸಿರು ಎಂದು ಕನ್ನಡಿಸಬಹುದು.

“ತಾತ, ಅಜ್ಜಿ ಮಾಡಿದರೆ ಯಾಕೆ ಹೀಗೆ ಬರಲ್ಲ?” ಎಂದು ಹುಡುಗ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ಮಾಡಿದ ಫ್ರೈಡ್ ರೈಸು ಚಿತ್ರಾನ್ನಕ್ಕೂ ಮುದ್ದೆಗೂ ನಡುವಿನ ಒಂದು ಪದಾರ್ಥವಾಗುತ್ತಿತ್ತು. ಗೋಬಿಯಾದರೋ ಎಣ್ಣೆ ಕುಡಿದ ಪಲ್ಯ. ನನ್ನ ಹೆಂಡತಿಯನ್ನು ವಿಚಾರಿಸಿದಾಗ ಅವಳು, “ನಮ್ಮ ಒಲೇಲಿ ಅಷ್ಟು ಉರಿ ಎಲ್ಲಿದೆ?” ಎಂದು ಹೇಳಿ ಬೇರೆ ಕೆಲಸಕ್ಕೆ ಹೋದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಿಡಲಿಲ್ಲ. ಉರಿ ಇಲ್ಲದಿದ್ದರೆ ಉರಿಯನ್ನು ತರುವುದು ಎಂದುಕೊಂಡು, ಮದುವೆ ಮನೆಗಳಲ್ಲಿ ಬಳಸುವಂಥ ಬೀಡುಕಬ್ಬಿಣದ ಒಲೆಯೊಂದನ್ನೂ ಹೆಚ್ಚು ಒತ್ತಡದ ರೆಗ್ಯುಲೇಟರನ್ನೂ ಕೊಂಡು ತಂದೆ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಇಕ್ಕಟ್ಟಾದ ಜಾಗದಲ್ಲಿ ಅದನ್ನು ಪ್ರತಿಷ್ಠಾಪಿಸಿದೆ. ಹೆಂಡತಿ ಬೇಡವೆಂದಳು. ಬೇಡವೆಂದದ್ದನ್ನು ಹೆದರಿಕೆ ಎಂದು ಭಾವಿಸಿದೆ.

ಒಲೆ ಹೊತ್ತಿದಾಗ ಗಾಡಿಯದೇ ಸದ್ದು ಬಂತು. ಹುಡುಗ ಚಪ್ಪಾಳೆ ತಟ್ಟಿದ. ಬಾಣಲೆಗೆ ಎಣ್ಣೆ ಸುರಿದು, ಹಿಟ್ಟಿನಲ್ಲಿ ಕಲಸಿದ ಹೂಕೋಸನ್ನು ತರಲು ಒಳಗೆ ಹೋದೆ. ಅರ್ಧ ನಿಮಿಷವೂ ಆಗಿರಲಾರದು. ಹಿಂದಿರುಗುವಷ್ಟರಲ್ಲಿ ಎಣ್ಣೆಯೇ ಹೊತ್ತಿಕೊಂಡಿತ್ತು. ಮೇಲೆ ಒಣಗಲು ಹಾಕಿದ್ದ ಬಟ್ಟೆಗೂ ಜ್ವಾಲೆಗೂ ಒಂದು ಮೊಳ ಅಂತರ. ನಾನು ಪಕ್ಕದಲ್ಲಿದ್ದ ಬಕೆಟ್ಟಿಗೆ ಕೈಹಾಕಿದೆ. “ನೀರು ಹಾಕಬೇಡ್ರೀ!” ಎಂದು ಅವಳು ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಹುಡುಗನನ್ನು ಹಿಂದಕ್ಕೆ ಎಳೆದು, ಸಿಲಿಂಡರಿನ ಗುಂಡಿ ತಿರುಗಿಸಿ, ದೊಡ್ಡ ಹರಿವಾಣವನ್ನು ಅಂಚಿನಿಂದ ಜಾರಿಸಿ ಬಾಣಲೆಯ ಮೇಲೆ ಮುಚ್ಚಿದಳು. ಬೆಂಕಿ ಉಸಿರು ಕಟ್ಟಿ ಸತ್ತಿತು. ಅವಳ ಮುಂಗೈಯಲ್ಲಿ ರೂಪಾಯಿ ಅಗಲದ ಸುಟ್ಟ ಕಲೆ ಉಳಿಯಿತು. ಬಕೆಟ್ಟಿನ ನೀರನ್ನು ನಾನು ಸುರಿದಿದ್ದರೆ ಅದು ಎಣ್ಣೆಯ ಕೆಳಗಿಳಿದು, ಕಣ್ಣುಮುಚ್ಚಿ ತೆರೆಯುವುದರೊಳಗೆ ಆವಿಯಾಗಿ, ಸುಮಾರು 1,600 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ನಮ್ಮೆಲ್ಲರ ಮೈಮೇಲೆ ಎರಚುತ್ತಿತ್ತು. ಇದನ್ನು ಕೇಳುತ್ತಿರುವವರು ಉಳಿದದ್ದನ್ನು ಮರೆತರೂ ಇಷ್ಟನ್ನು ನೆನಪಿಡಬೇಕೆಂದು ಕೋರುತ್ತೇನೆ: ಎಣ್ಣೆ ಹೊತ್ತಿದರೆ ಅನಿಲ ನಿಲ್ಲಿಸಿ ಮುಚ್ಚಳ ಮುಚ್ಚುವುದು, ನೀರಿನ ತಂಟೆಗೆ ಹೋಗದಿರುವುದು.

ಆ ಒಲೆ ಮರುದಿನವೇ ಮನೆ ಬಿಟ್ಟಿತು. ನನ್ನ ಕುತೂಹಲ ಮಾತ್ರ ಬಿಡಲಿಲ್ಲ. ಒಂದು ಕಾಲದಲ್ಲಿ ನನ್ನ ಜೊತೆ ಭೌತಶಾಸ್ತ್ರ ಹೇಳುತ್ತಿದ್ದ ಮಿತ್ರರೊಬ್ಬರು ಸಂಜೆಯ ನಡಿಗೆಯಲ್ಲಿ ಸಿಗುತ್ತಾರೆ. ಅವರು ಕಲ್ಲುಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿ ತೋರಿಸಿದರು. ಮನೆಯ ರೆಗ್ಯುಲೇಟರು ಅನಿಲವನ್ನು ಬಿಡುವ ಒತ್ತಡ, ನೀರಿನ ಕಂಬದ ಲೆಕ್ಕದಲ್ಲಿ, ಒಂದೇ ಒಂದು ಅಡಿ. ಮನೆಯ ಕೊಳವೆ, ಗುಂಡಿ, ಬರ್ನರು ಎಲ್ಲವೂ ಆ ಒಂದು ಅಡಿಗೆಂದೇ ಮಾಡಿದವು. ಮನೆಯೊಲೆಯ ದೊಡ್ಡ ಬರ್ನರು ಗಂಟೆಗೆ 160ರಿಂದ 200 ಗ್ರಾಮಿನಷ್ಟು ಅನಿಲ ಉರಿಸುತ್ತದೆ. ಅದು ಎರಡರಿಂದ ಎರಡೂವರೆ ಕಿಲೋವ್ಯಾಟ್ ಶಾಖ. ಅದರಲ್ಲಿ ಬಾಣಲೆಗೆ ಸೇರುವುದು ಹೆಚ್ಚೆಂದರೆ ಒಂದೂಕಾಲು, ಒಂದೂವರೆ. ಗಾಡಿಯ ಒಲೆಯಾದರೋ ಗಂಟೆಗೆ ಒಂದು ಕಿಲೋ ಅನಿಲ ಕುಡಿದರೆ ಹನ್ನೆರಡು ಕಿಲೋವ್ಯಾಟಿನ ಮೇಲಾಯಿತು.

“ಇನ್ನು ನಿಮ್ಮ ಹೂಕೋಸಿಗೆ ಬನ್ನಿ” ಎಂದರು ಮಿತ್ರರು. ಹೂಕೋಸಿನಲ್ಲಿ 100ಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ಒಂದು ಗ್ರಾಂ ನೀರನ್ನು ಆವಿ ಮಾಡಲು 2,260 ಜೂಲ್ ಶಾಖ ಬೇಕು. ನಮ್ಮ ಒಲೆ ಕೊಡುವ ಶಾಖದಿಂದ ನಿಮಿಷಕ್ಕೆ ಆವಿಯಾಗುವುದು 30 ಗ್ರಾಮಿನಷ್ಟು ನೀರು, ಎರಡು ದೊಡ್ಡ ಚಮಚ. ಮನೆಮಂದಿಗೆಲ್ಲ ಒಟ್ಟಿಗೆ ಆಗಲಿ ಎಂದು ತೊಳೆದ ತರಕಾರಿಯನ್ನು ಬಾಣಲೆಯ ತುಂಬ ಸುರಿದಿರೋ, ಅದು ಬಿಡುವ ನೀರನ್ನು ಒಣಗಿಸುವುದರಲ್ಲೇ ಒಲೆಯ ಆಯುಸ್ಸು ಕಳೆಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಬಾಣಲೆಯಲ್ಲಿ ನೀರಿರುವ ತನಕ ಪದಾರ್ಥದ ಬಿಸಿ ಅದನ್ನು ಮೀರಲಾರದು. ಕಂದುಬಣ್ಣ, ಹುರಿದ ವಾಸನೆ, ಇವು ಚುರುಕಾಗಿ ಹುಟ್ಟುವುದು 140 ಡಿಗ್ರಿಯ ಮೇಲೆ. ಆದ್ದರಿಂದ ನಾವು ಹುರಿಯುತ್ತಿದ್ದೇವೆಂದು ತಿಳಿದುಕೊಂಡು ಬೇಯಿಸುತ್ತಿರುತ್ತೇವೆ.

“ಹಾಗಾದರೆ ದೊಡ್ಡ ಉರಿಯೇ ಗತಿಯೋ?” ಎಂದು ಕೇಳಿದೆ.

“ಉರಿ ದೊಡ್ಡದಾಗಿ ಕಂಡರೆ ಪಾತ್ರೆಗೆ ಶಾಖ ಹೆಚ್ಚಾಗಿ ಸೇರುತ್ತದೆ ಎಂದು ಯಾರು ಹೇಳಿದರು ನಿಮಗೆ?” ಎಂದರು ಅವರು.

ಈ ಮಾತು ಕೇಳಿದಾಗ ನನಗೆ ನನ್ನ ತಾಯಿಯ ನೆನಪಾಯಿತು. ಅವರು ಇದೇ ಮಾತನ್ನು ನಲವತ್ತು ವರ್ಷಗಳ ಹಿಂದೆ ನನಗೆ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ನಮ್ಮ ಊರು ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ, ರಾಜಾನುಕುಂಟೆಯ ಆಚೆಗೆ. ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಯ ಹೊಗೆಗೆ ಇದ್ದದ್ದು ಒಂದೇ ಒಂದು ಬೆಳಕಿಂಡಿ. ಜಾಲಿ, ಹೊಂಗೆ, ಆಮೇಲಾಮೇಲೆ ನೀಲಗಿರಿ ಸೌದೆ; ಮಳೆಗಾಲದಲ್ಲಿ ಅದೂ ಹಸಿ. ಊದುಕೊಳವೆಯನ್ನು ಹಿಡಿದು ಒಲೆಯ ಮುಂದೆ ಬಾಗಿದ ತಾಯಿಯ ಬೆನ್ನು ನನ್ನ ಬಾಲ್ಯದ ಚಿತ್ರಗಳಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದದ್ದು. ಅವರ ಕಣ್ಣು ಸದಾ ಕೆಂಪು. ಜೀವಮಾನದಲ್ಲಿ ಬೀಡಿಯ ಹೊಗೆಯನ್ನು ಕಂಡರೆ ಸಿಡುಕುತ್ತಿದ್ದ ಆ ಹೆಂಗಸಿಗೆ ಐವತ್ತು ತುಂಬುವ ಮೊದಲೇ ಬೀಡಿ ಸೇದುವವರ ಕೆಮ್ಮು ಬಂದಿತ್ತು. ಸೌದೆ ಒಲೆಯ ಹೊಗೆ ಶ್ವಾಸಕೋಶವನ್ನು ವರ್ಷಾನುಗಟ್ಟಲೆ ತಿನ್ನುತ್ತದೆಂಬುದನ್ನು ಈಗ ವೈದ್ಯರೆಲ್ಲರೂ ಹೇಳುತ್ತಾರೆ. ಆಗ ಅದನ್ನು ಹೆಂಗಸರ ಹಣೆಬರಹವೆಂದುಕೊಂಡಿದ್ದೆವು.

ಉರಿಗೇನೂ ಆ ಒಲೆಯಲ್ಲಿ ಕೊರತೆ ಇರಲಿಲ್ಲ. ಪಾತ್ರೆಯನ್ನು ನುಂಗುವಂತೆ ಸುತ್ತಲೂ ಏಳುತ್ತಿತ್ತು. ಆದರೆ ಸೌದೆಯಲ್ಲಿದ್ದ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಸೇರಿದರೆ ಅದೇ ಹೆಚ್ಚು. ಉಳಿದದ್ದು ಗೋಡೆಗೆ, ಮಾಳಿಗೆಗೆ, ತಾಯಿಯ ಮುಖಕ್ಕೆ.

ನಾನು ಆಗ ತಾನೇ ಅಧ್ಯಾಪಕನಾಗಿದ್ದೆ. ಯಶವಂತಪುರಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದರು. ಅದರ ಕಾಂಪೌಂಡಿನ ಒಳಗೆ ರಾಕೆಟ್ಟು, ವಿಮಾನ ಇಂಥವುಗಳ ಲೆಕ್ಕ ಮಾತ್ರ ನಡೆಯುತ್ತದೆಂಬುದು ನಮ್ಮ ಕಲ್ಪನೆ. ಅದೇ ಆವರಣದಲ್ಲಿ 1974ರಲ್ಲಿ ಅಮೂಲ್ಯಕುಮಾರ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದ್ದರು. ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರದೊಂದು ವಿಸ್ತರಣಾ ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಅಲ್ಲಿ 1980ರ ದಶಕದ ಆರಂಭದಲ್ಲಿ ಒಂದು ಒಲೆಯನ್ನು ರೂಪಿಸಿದರು. ಅದೇ ಅಸ್ತ್ರ ಒಲೆ. ಇಂಥ ಮೇಧಾವಿಗಳು ಹೆಂಗಸರ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಸೌದೆಯನ್ನು ತೂಗಿ, ನೀರನ್ನು ಅಳೆದು ಲೆಕ್ಕ ಬರೆದದ್ದನ್ನು ನಾನು ನಮ್ಮ ನಾಡಿನ ದೊಡ್ಡ ವಿದ್ವತ್ಕಾರ್ಯಗಳಲ್ಲಿ ಒಂದೆಂದು ಎಣಿಸುತ್ತೇನೆ.

1986ರಲ್ಲಿ ನಮ್ಮ ಮನೆಗೂ ಆ ಒಲೆ ಬಂತು. ತರಬೇತಿ ಪಡೆದ ಗಾರೆಯವನೊಬ್ಬ ಅಚ್ಚುಗಳನ್ನು ತಂದು ಒಂದೇ ದಿನದಲ್ಲಿ ಕಟ್ಟಿಕೊಟ್ಟ. ಪಾತ್ರೆ ಕೂರುವ ಮೂರು ಗುಳಿಗಳು: ಬೆಂಕಿಯ ಮೇಲೆ ಒಂದು, ಬಿಸಿಗಾಳಿ ಹೊರಗೆ ಹೋಗುವ ದಾರಿಯಲ್ಲಿ ಇನ್ನೆರಡು, ಕೊನೆಗೆ ಹೊಗೆಕೊಳವೆ. ಸೌದೆ ಕೂರುವ ಕಡೆ ಕಬ್ಬಿಣದ ಜಾಲರಿ, ಅದರ ಕೆಳಗಿನಿಂದ ಗಾಳಿ. ಸೌದೆ ಹಾಕುವ ಬಾಯಿಗೆ ಮುಚ್ಚಳ. ಬೇಕಾದಷ್ಟೇ ಗಾಳಿ ಒಳಗೆ ಬರುವುದರಿಂದ ಬೆಂಕಿ ಚೆನ್ನಾಗಿ ಕಾಯುತ್ತದೆ. ಕಾದ ಗಾಳಿ ಪಾತ್ರೆಗಳ ತಳವನ್ನು ಉಜ್ಜಿಕೊಂಡೇ ಹೊರಗೆ ಹೋಗಬೇಕು. ಪ್ರಯೋಗಶಾಲೆಯಲ್ಲಿ ಇದು ಸೌದೆಯ ಶಾಖದಲ್ಲಿ 100ಕ್ಕೆ 40ಕ್ಕೂ ಹೆಚ್ಚು ಪಾಲನ್ನು ಪಾತ್ರೆಗೆ ಮುಟ್ಟಿಸಿತ್ತು. ಹಳ್ಳಿಯ ಮನೆಗಳಲ್ಲಿ ಅಷ್ಟು ಬರಲಿಲ್ಲ. ಬಂದಷ್ಟಾದರೂ ಹಳೆಯ ಒಲೆಗಿಂತ ಎಷ್ಟೋ ಮೇಲು.

ಮೊದಲ ದಿನ ತಾಯಿ ಆ ಒಲೆಯ ಮುಂದೆ ಕುಳಿತು ಬಗ್ಗಿ ನೋಡಿ, “ಉರೀನೇ ಕಾಣಲ್ವಲ್ಲಪ್ಪ, ಇದರಲ್ಲಿ ಏನು ಬೇಯುತ್ತೆ?” ಎಂದರು. ಎಸರು ಮಾಮೂಲಿಗಿಂತ ಮೊದಲೇ ಕುದಿಯಿತು. ಮುದ್ದೆ ತೊಳಸುವಾಗ ಪಾತ್ರೆ ಕದಲಲಿಲ್ಲ. ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದು ಹಬ್ಬದವರೆಗೂ ಬಿಳುಪಾಗಿಯೇ ಇತ್ತು. ಒಂದು ತಿಂಗಳ ಮೇಲೆ ನಾನು ಊರಿಗೆ ಹೋದಾಗ ಅವರು ಹೇಳಿದ ಮಾತು: “ಉರಿ ಕಣ್ಣಿಗೆ ಕಂಡರೆ ಅದು ಪಾತ್ರೆಗೆ ದಕ್ಕಲಿಲ್ಲ ಅಂತ ಕಣಪ್ಪ. ಕಾವು ಕೂಡಬೇಕು.” ನಾನು ಆಗ ಹಳಗನ್ನಡದ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ.

ಆ ಒಲೆಯನ್ನು ಹೊಗಳುವುದರ ಜೊತೆಗೆ ಇದನ್ನೂ ಹೇಳಬೇಕು. ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತಿತ್ತು, ಆಗಾಗ ಕೆರೆಯಬೇಕಿತ್ತು. ಸೌದೆಯನ್ನು ಸಣ್ಣದಾಗಿ ಸೀಳಬೇಕಿತ್ತು. ಸೀಳುವ ಕೆಲಸ ಗಂಡಸರದು. ಆದ್ದರಿಂದ ಬಹಳ ಮನೆಗಳಲ್ಲಿ ಅದು ನಡೆಯಲಿಲ್ಲ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೇ 2002ರಲ್ಲಿ ನಿಂತುಹೋಯಿತು. ಅಷ್ಟರೊಳಗೆ ನಮ್ಮೂರಿಗೂ ಅನಿಲದ ಸಿಲಿಂಡರು ಬಂದಿತ್ತು. ತಾಯಿಯ ಕಣ್ಣಿನ ಕೆಂಪು ಹೋಯಿತು. ಕೆಮ್ಮು ಹೋಗಲಿಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ ಒಲೆ ಬದಲಾಗಬೇಕಿತ್ತೆಂದು ಡಾಕ್ಟರು ಹೇಳಿದರು.

ಸರಿ, ಮಿತ್ರರ ಲೆಕ್ಕವನ್ನೂ ತಾಯಿಯ ಮಾತನ್ನೂ ಒಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದೆ. ಅಟ್ಟದ ಮೇಲೆ ತಾಯಿಯ ಕಾಲದ ಕಬ್ಬಿಣದ ಬಾಣಲೆಯೊಂದು ತುಕ್ಕು ಹಿಡಿದು ಮಲಗಿತ್ತು. ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಸವರಿ, ನಾಲ್ಕು ದಿನ ಪಳಗಿಸಿದೆ. ಮೂಲೆಯ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಒಂದೂವರೆ ಕಿಲೋ ತೂಗಿತು. ಅಷ್ಟು ಕಬ್ಬಿಣ 225 ಡಿಗ್ರಿಗೆ ಕಾದರೆ ಅದರ ಮೈಯಲ್ಲಿ ಸುಮಾರು 140 ಕಿಲೋಜೂಲ್ ಶಾಖ ಕೂಡಿಕೊಂಡಿರುತ್ತದೆಂದು ಮಿತ್ರರು ಹೇಳಿದರು. ನಮ್ಮ ಒಲೆ ಎರಡು ನಿಮಿಷ ದುಡಿದು ಕೊಡುವ ಶಾಖವದು. ಅದರಲ್ಲಿ ದೊಡ್ಡದೊಂದು ಪಾಲನ್ನು, ತರಕಾರಿ ಬಿದ್ದ ಕೂಡಲೇ, ಬಾಣಲೆ ಬಿಟ್ಟುಕೊಡುತ್ತದೆ. ಅರ್ಧ ಕಿಲೋ ತೂಕದ ತೆಳು ಸ್ಟೀಲು ಬಾಣಲೆಯಲ್ಲಿ ಇರುವುದು ಇದರ ಮೂರನೆಯ ಒಂದು ಭಾಗ. ಆದ್ದರಿಂದ ಅದು ತರಕಾರಿಯ ಮೊದಲ ಹಿಡಿಗೇ ತಣ್ಣಗಾಗಿ ಕೈಚೆಲ್ಲುತ್ತದೆ. ಹೋಟೆಲಿನ ದೋಸೆ ಮನೆಯಲ್ಲಿ ಬರುವುದಿಲ್ಲವೆಂದು ಮರುಗುವವರಿಗೂ ಉತ್ತರ ಇದೇ. ಹಿಟ್ಟಿನ ಗುಟ್ಟು ಅರ್ಧ. ಇನ್ನರ್ಧ ಇರುವುದು ಎಂದೂ ತಣ್ಣಗಾಗಲು ಬಿಡದ ಆ ದಪ್ಪ ಕಾವಲಿಯಲ್ಲಿ. ಕಾವಲಿ ಎಂಬ ಹೆಸರಿನಲ್ಲೇ ಕಾವು ಇದೆ.

ಬಾಣಲೆ ಕಾದಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಯಂತ್ರ ಬೇಡ. ದೋಸೆ ಹುಯ್ಯುವವರೆಲ್ಲರೂ ಬಲ್ಲ ಉಪಾಯ: ನಾಲ್ಕು ಹನಿ ನೀರು ಚಿಮುಕಿಸುವುದು. ಚುಯ್ಯೆಂದು ಅಲ್ಲೇ ಇಂಗಿದರೆ ಇನ್ನೂ ಕಾಯಬೇಕು. ಮುತ್ತಿನಂತೆ ಉರುಳಿ ಓಡಿದರೆ ಕಾದಿದೆ. ಆ ಹನಿಗಳು ಪೂರ್ತಿ ಆರಿದ ಮೇಲೆ ಎಣ್ಣೆ. ಎಣ್ಣೆಯ ಹಿಂದೆಯೇ ತರಕಾರಿ. ಎಣ್ಣೆ ಬಿಟ್ಟು ಒಳಗೆ ಹೋಗುವ ನನ್ನಂಥವರು ಈ ಕೆಲಸಕ್ಕೆ ಕೈಹಾಕಬಾರದು. ಅಂಟದಂತೆ ಲೇಪ ಹಚ್ಚಿದ ಬಾಣಲೆಯನ್ನು ಮಾತ್ರ ಹೀಗೆ ಬರಿದೆ ಕಾಯಿಸಬೇಡಿ. ಅತಿಯಾಗಿ ಕಾದರೆ ಆ ಲೇಪ ಒಡೆದು ಕೆಟ್ಟ ಹೊಗೆ ಬಿಡುತ್ತದೆ.

ಇದಕ್ಕಿಂತ ಕಷ್ಟವಾದದ್ದು ಆಸೆಯನ್ನು ಹಿಡಿಯುವುದು. ಬಾಣಲೆ ದೊಡ್ಡದು, ಜಾಗವಿದೆ, ಇನ್ನೊಂದು ಹಿಡಿ ಹಾಕೋಣ ಎನಿಸುತ್ತದೆ. ಹಾಕಬಾರದು. ಒಬ್ಬರಿಗೆ ಆಗುವಷ್ಟನ್ನೇ ಒಂದು ಸಲಕ್ಕೆ ಹಾಕಬೇಕು. ಗಾಡಿಯ ಹುಡುಗನ ಒಲೆ ನಮ್ಮದರ ಐದಾರು ಪಟ್ಟು. ಅಷ್ಟಾದರೂ ಅವನು ಒಂದು ಸಲಕ್ಕೆ ಒಂದೆರಡು ತಟ್ಟೆಗಿಂತ ಹೆಚ್ಚು ಮಾಡುವುದಿಲ್ಲ. ಇದನ್ನು ನಾನು ಎಷ್ಟು ದಿನ ನಿಂತು ನೋಡಿದ್ದರೂ ಕಂಡಿರಲಿಲ್ಲ. ನನ್ನ ಕಣ್ಣೆಲ್ಲ ಉರಿಯ ಮೇಲಿತ್ತು. ತರಕಾರಿಯನ್ನು ತೊಳೆದು ಬಟ್ಟೆಯ ಮೇಲೆ ಹರಡಿ ನೀರಾರಿಸುವುದು, ನಿನ್ನೆಯ ತಣ್ಣನೆಯ ಉದುರನ್ನವನ್ನು ಬಳಸುವುದು, ಹಾಕಿದ ಮೇಲೆ ಅರ್ಧ ನಿಮಿಷ ಸೌಟು ಆಡಿಸದೆ ಬಿಡುವುದು, ಇವೆಲ್ಲ ಅದೇ ಲೆಕ್ಕದ ಮುಂದುವರಿಕೆ. ಅನ್ನವನ್ನು ರಾತ್ರಿ ಹೊರಗೆ ಬಿಡದೆ ಫ್ರಿಜ್ಜಿನಲ್ಲಿಡಬೇಕೆಂದು ನನ್ನ ಹೆಂಡತಿ ಇಲ್ಲಿ ಸೇರಿಸಲು ಹೇಳಿದ್ದಾಳೆ.

ಒಲೆಯ ವಿಷಯದಲ್ಲೂ ಒಂದು ಮಾತು. ಹಾಲುಕ್ಕಿ ಬರ್ನರಿನ ತೂತುಗಳು ಕಟ್ಟಿದ್ದರೆ ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ. ಪಿನ್ನಿನಿಂದ ಬಿಡಿಸಿ ತೊಳೆದರೆ ನೀಲಿಗೆ ತಿರುಗುತ್ತದೆ. ಉರಿ ಬಾಣಲೆಯ ತಳದೊಳಗೇ ಇರಬೇಕು. ಪಕ್ಕಕ್ಕೆ ಚಾಚಿದ್ದು ಹಿಡಿಕೆಯನ್ನೂ ಕೈಯನ್ನೂ ಸುಡಲು ಮಾತ್ರ ಉಪಯೋಗ. ಹೆಬ್ಬಾಳ, ಯಲಹಂಕದ ಹೊಸ ವಸತಿಗಳಲ್ಲಿರುವವರು ನನ್ನನ್ನು ಇಂಡಕ್ಷನ್ ಒಲೆಯ ವಿಷಯ ಕೇಳುತ್ತಾರೆ. 2,000 ವ್ಯಾಟಿನ ಆ ಒಲೆ 100ಕ್ಕೆ 80ರಷ್ಟನ್ನು ಪಾತ್ರೆಗೇ ಮುಟ್ಟಿಸುವುದರಿಂದ ಅನಿಲದೊಲೆಗೆ ಸೋಲುವುದಿಲ್ಲ. ಆದರೆ ತಳ ಚಪ್ಪಟೆಯಾಗಿರಬೇಕು, ಬಾಣಲೆಯನ್ನು ಎತ್ತಿದರೆ ಶಾಖವೇ ನಿಲ್ಲುತ್ತದೆ. ಎಸೆದು ಹಿಡಿಯುವ ಚಮತ್ಕಾರಕ್ಕೆ ಅದು ಒದಗದು. ನಮ್ಮಂಥವರು ಆ ಚಮತ್ಕಾರವನ್ನು ಬಿಡುವುದೇ ಲೇಸು.

ಹೀಗೆ ಮಾಡಿದ ಗೋಬಿಗೆ ಗಾಡಿಯ ಗೋಬಿಯ ರುಚಿ ಪೂರ್ತಿ ಬಂತೇ? ಬರಲಿಲ್ಲ. ಉರಿಯ ನಾಲಗೆ ಬಾಣಲೆಯೊಳಗೆ ಬಂದು ಎಣ್ಣೆಯ ಹನಿಗಳನ್ನು ಮುಟ್ಟಿ ಹೋಗುವಾಗ ಹುಟ್ಟುವ ಆ ಹೊಗೆಯ ವಾಸನೆಯನ್ನು ನಮ್ಮ ಒಲೆ ಕೊಡಲಾರದು. ಮುಕ್ಕಾಲು ಪಾಲು ಬಂತು ಎಂದು ಮೊಮ್ಮಗ ತೀರ್ಪು ಕೊಟ್ಟಿದ್ದಾನೆ. ಉಳಿದ ಕಾಲು ಪಾಲಿಗಾಗಿ ತಿಂಗಳಿಗೊಮ್ಮೆ ಗಾಡಿಯ ಬಳಿಗೆ ಹೋಗುತ್ತೇವೆ.

ಭಾನುವಾರ ಸಂಜೆ ಈಗ ನಮ್ಮ ಮನೆಯಲ್ಲಿ ಗೋಬಿ ಮೂರು ಸರದಿಯಲ್ಲಿ ಆಗುತ್ತದೆ. ಬಾಣಲೆ ಪ್ರತಿ ಸರದಿಗೂ ಮತ್ತೆ ಕಾಯಬೇಕು. ನೀರು ಚಿಮುಕಿಸುವ ಕೆಲಸ ಹುಡುಗನದು, ಸೌಟು ನನ್ನದು. ಹರಿವಾಣವನ್ನು ಕೈಗೆಟುಕುವಂತೆ ಪಕ್ಕದಲ್ಲಿಟ್ಟುಕೊಂಡು ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಮೊದಲ ಸರದಿ ಹುಡುಗನಿಗೆ, ಎರಡನೆಯದು ಅವಳಿಗೆ. ಮೂರನೆಯದು ನನ್ನ ಪಾಲು; ಅಷ್ಟು ಹೊತ್ತಿಗೆ ಹುಡುಗನಿಗೆ ಮತ್ತೆ ಹಸಿವಾಗಿರುತ್ತದೆ.